ಮಾಟೊ ಮತ್ತು ಸ್ಲೋಗನ್: ಒಂದೇ ನಮೂನೆಯಲ್ಲಿ ಎರಡೂ ಖಾನೆ ಇದ್ದರೆ ಏನೆಂದು ಅನುವಾದಿಸುವುದು?

ಕರಡುಪ್ರತಿ

ಎಲ್ಲರಿಗೂ ನಮಸ್ಕಾರ. ಸಂಘ ಸಂಸ್ಥೆಗಳು ತಮ್ಮ ವಿವರ ತುಂಬಿಕೊಡಬೇಕಾದ ನಾಲ್ಕು ಪುಟಗಳ ಇಂಗ್ಲಿಷ್ ನಮೂನೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೆಸರು, ಸ್ಥಾಪನೆಯಾದ ವರ್ಷ, ಲಾಂಛನ ಎಲ್ಲ ಸಲೀಸಾಗಿ ಮುಗಿಯಿತು. ಎರಡನೇ ಪುಟದ ನಡುವೆ ಒಂದರ ಕೆಳಗೊಂದು ಎರಡು ಖಾನೆಗಳಿವೆ. ಮೇಲಿನದು ಮಾಟೊ, ಕೆಳಗಿನದು ಸ್ಲೋಗನ್. ನಾನು ಹೆಚ್ಚು ಯೋಚಿಸದೆ ಎರಡಕ್ಕೂ ‘ಘೋಷವಾಕ್ಯ’ ಎಂದು ಬರೆದೆ. ಕರಡು ತಿದ್ದುವವರು ಕೆಳಗಿನ ಖಾನೆಯ ಸುತ್ತ ಕೆಂಪು ಗೆರೆ ಎಳೆದು, ‘ಒಂದೇ ಪ್ರಶ್ನೆಯನ್ನು ಎರಡು ಸಲ ಏಕೆ ಕೇಳುತ್ತಿದ್ದೀರಿ?’ ಎಂದು ಬರೆದು ಹಿಂದಿರುಗಿಸಿದ್ದಾರೆ. ತಪ್ಪು ನನ್ನದೇ. ಆದರೆ ನಿಘಂಟು ತೆರೆದರೆ ಒಂದರ ಅರ್ಥದೊಳಗೆ ಇನ್ನೊಂದು ಇಣುಕುತ್ತದೆ. ಎರಡೂ ಚಿಕ್ಕವು, ಎರಡೂ ನೆನಪಿನಲ್ಲಿ ಉಳಿಯುವಂಥವು, ಎರಡೂ ಒಂದು ಗುಂಪಿನ ಗುರುತಾಗಿ ನಿಲ್ಲುತ್ತವೆ. ಹಾಗಾದರೆ ಬೇರೆಯಾಗುವುದು ಎಲ್ಲಿ?

ಅಲ್ಪವಿರಾಮ

ಎಲ್ಲಿಯೂ ಇಲ್ಲ. ಎರಡು ದಾರಿಯಲ್ಲಿ ಎರಡು ಪದ ಬಂದವು, ಯಾವುದನ್ನೂ ಬಿಸಾಡಲು ಇಂಗ್ಲಿಷಿಗೆ ಮನಸ್ಸಾಗಲಿಲ್ಲ. ಆ ಭಾಷೆಯ ಅಟ್ಟದ ಮೇಲೆ ಇಂಥ ಜೋಡಿಗಳು ಬೇಕಾದಷ್ಟಿವೆ. ಎರಡನೇ ಖಾನೆ ತೆಗೆದುಹಾಕಿ ನೆಮ್ಮದಿಯಾಗಿರಿ.

ಕರಡುಪ್ರತಿ

ತೆಗೆಯುವ ಅಧಿಕಾರ ಅನುವಾದಕರಿಗೆ ಇದ್ದಿದ್ದರೆ ನಾನು ನಾಲ್ಕನೇ ಪುಟವನ್ನೇ ತೆಗೆದುಬಿಡುತ್ತಿದ್ದೆ.

ಹಳೇ ಮೇಷ್ಟ್ರು

ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು. ಈ ಎರಡು ಪದಗಳ ಅರ್ಥವನ್ನು ಹಲಗೆಯ ಮೇಲೆ ಬರೆಸಿ ಎಂದೂ ಗೆದ್ದಿಲ್ಲ. ಮಕ್ಕಳು ಎರಡೂ ಅರ್ಥಗಳನ್ನು ಒಪ್ಪವಾಗಿ ಬರೆದುಕೊಂಡು, ಪರೀಕ್ಷೆಯಲ್ಲಿ ಅದಲು ಬದಲು ಮಾಡುತ್ತಿದ್ದರು. ಕೊನೆಗೆ ಅರ್ಥದ ಗೊಡವೆ ಬಿಟ್ಟು ಕ್ರಿಯಾಪದ ಹಿಡಿದೆ. ಅದೂ ಕನ್ನಡದ ಕ್ರಿಯಾಪದ.

ಘೋಷಣೆಯನ್ನು ಏನು ಮಾಡುತ್ತೇವೆ? ಕೂಗುತ್ತೇವೆ, ಮೊಳಗಿಸುತ್ತೇವೆ. ಧ್ಯೇಯವಾಕ್ಯವನ್ನು? ಕೆತ್ತಿಸುತ್ತೇವೆ, ಪಾಲಿಸುತ್ತೇವೆ, ಅದಕ್ಕೆ ಬದ್ಧರಾಗಿರುತ್ತೇವೆ ಅಥವಾ ಅದನ್ನು ಮರೆಯುತ್ತೇವೆ. ಈಗ ಅದಲು ಬದಲು ಮಾಡಿ ಓದಿ: ‘ಮೆರವಣಿಗೆಯಲ್ಲಿ ಧ್ಯೇಯವಾಕ್ಯ ಕೂಗಿದರು.’ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಆಗುತ್ತದೆ. ಇಂಗ್ಲಿಷಿನವರ ಕಿವಿಗೂ ಹೀಗೆಯೇ. ಅವರು ಸ್ಲೋಗನ್ ಕೂಗುತ್ತಾರೆ, ಮಾಟೊದಂತೆ ಬದುಕುತ್ತಾರೆ.

ಇನ್ನೊಂದು ಪರೀಕ್ಷೆ ‘ನನ್ನ’ ಎಂಬ ಮಾತನ್ನು ಮುಂದೆ ಹಚ್ಚಿ ನೋಡುವುದು. ‘ಸಾಲ ಮಾಡದಿರುವುದು ನನ್ನ ಮಾಟೊ’ ಎಂದು ಒಬ್ಬ ಮನುಷ್ಯ ಹೇಳಬಹುದು. ‘ನನ್ನ ಸ್ಲೋಗನ್’ ಎಂದರೆ ಆತ ಚುನಾವಣೆಗೆ ನಿಂತಿದ್ದಾನೆಯೇ ಎಂದು ಕೇಳಬೇಕಾಗುತ್ತದೆ. ಒಂಟಿಯಾಗಿ ಕುಳಿತವನಿಗೂ ಮಾಟೊ ಇರಬಹುದು. ಸ್ಲೋಗನ್ನಿಗೆ ಎದುರಿನಲ್ಲಿ ಕೇಳುವ ಕಿವಿ ಬೇಕೇ ಬೇಕು.

ಅದಕ್ಕೇ ಮಾಟೊ ಹಳೆಯ ಭಾಷೆಯಲ್ಲಿದ್ದರೂ ಯಾರಿಗೂ ತೊಂದರೆಯಿಲ್ಲ. ಪಶ್ಚಿಮದಲ್ಲಿ ಲ್ಯಾಟಿನ್, ನಮ್ಮಲ್ಲಿ ಸಂಸ್ಕೃತ. ‘ಸತ್ಯಮೇವ ಜಯತೇ’ ಮುಂಡಕೋಪನಿಷತ್ತಿನ ಮಾತು. 1965ರಲ್ಲಿ ಶಾಸ್ತ್ರಿಯವರು ದೇಶಕ್ಕೆ ಘೋಷಣೆ ಕೊಡಬೇಕಾದಾಗ ಉಪನಿಷತ್ತಿನ ಕಡೆ ಹೋಗಲಿಲ್ಲ. ‘ಜೈ ಜವಾನ್ ಜೈ ಕಿಸಾನ್’ ಎಂದರು. ಕೇಳಿದ ಮರುಗಳಿಗೆಯಲ್ಲಿ ಸಾವಿರಾರು ಜನ ಅದನ್ನು ತಿರುಗಿ ಹೇಳಬೇಕಿತ್ತು.

ಇಷ್ಟೆಲ್ಲ ಬೇಡ ಎನ್ನುವವರು ಒಲಿಂಪಿಕ್ಸ್ ನೋಡಿ. ‘ಸಿಟಿಯಸ್, ಆಲ್ಟಿಯಸ್, ಫೋರ್ಟಿಯಸ್’, ಅಂದರೆ ಇನ್ನೂ ವೇಗವಾಗಿ, ಇನ್ನೂ ಎತ್ತರಕ್ಕೆ, ಇನ್ನೂ ಬಲವಾಗಿ. ಅದು ಮಾಟೊ, ಎಂದೂ ಬದಲಾಗುವುದಿಲ್ಲ. ಸ್ಲೋಗನ್ ಕೂಟಕ್ಕೊಂದು. ಬೀಜಿಂಗ್ 2008ಕ್ಕೆ ‘ಒನ್ ವರ್ಲ್ಡ್, ಒನ್ ಡ್ರೀಮ್’, ಪ್ಯಾರಿಸ್ 2024ಕ್ಕೆ ‘ಗೇಮ್ಸ್ ವೈಡ್ ಓಪನ್’. ಕೂಟ ಮುಗಿದ ಮೇಲೆ ಬ್ಯಾನರಿನ ಜೊತೆಗೆ ಅದನ್ನೂ ಸುತ್ತಿಡುತ್ತಾರೆ.

ಅಡಿಟಿಪ್ಪಣಿ

ಮೇಷ್ಟ್ರೇ, ಒಂದು ತಿದ್ದುಪಡಿ. ‘ಎಂದೂ ಬದಲಾಗುವುದಿಲ್ಲ’ ಎನ್ನುವಂತಿಲ್ಲ. ಆ ಮೂರು ಪದಗಳು ಡಿಡೊನ್ ಎಂಬ ಪಾದ್ರಿಯವು. ಆಧುನಿಕ ಒಲಿಂಪಿಕ್ಸ್ ಶುರು ಮಾಡಿದ ಕೂಬರ್ತೆ ಅವುಗಳನ್ನು ಎರವಲು ಪಡೆದು 1894ರಲ್ಲಿ ಒಲಿಂಪಿಕ್ ಚಳವಳಿಗೆ ತಂದರು. 2021ರ ಜುಲೈನಲ್ಲಿ ಸಮಿತಿಯವರು ಟೋಕಿಯೊದಲ್ಲಿ ಸಭೆ ಸೇರಿ ನಾಲ್ಕನೆಯ ಪದವೊಂದನ್ನು ಸೇರಿಸಿದರು: ‘ಕಮ್ಯೂನಿಟೆರ್’, ಒಟ್ಟಾಗಿ. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಒಂದೇ ಒಂದು ಪದ, ಅದಕ್ಕೂ ಸಭೆ, ಅದಕ್ಕೂ ಮತ. ನಿಮ್ಮ ಮಾತು ಬಿದ್ದುಹೋಯಿತು ಎನ್ನುತ್ತಿಲ್ಲ. ಮಾಟೊ ಬದಲಾಗುವ ರೀತಿಯೇ ಬೇರೆ ಎಂಬುದಕ್ಕೆ ಇದೇ ಸಾಕ್ಷಿ.

ಹಳೇ ಮೇಷ್ಟ್ರು

ಒಪ್ಪಿದೆ. ನಿವೃತ್ತನಾದ ಮೇಲೆ ಓದು ಸ್ವಲ್ಪ ಹಿಂದೆ ಬಿದ್ದಿದೆ.

ಅಲ್ಪವಿರಾಮ

ಟೋಕಿಯೊ ಹೆಸರು ಬಂದಿದ್ದು ಒಳ್ಳೆಯದಾಯಿತು. ಆ ಕೂಟಕ್ಕೆ 2020ರ ಫೆಬ್ರುವರಿಯಲ್ಲಿ ‘ಯುನೈಟೆಡ್ ಬೈ ಎಮೋಷನ್’ ಎಂಬ ಮಾತನ್ನು ಪ್ರಕಟಿಸಿದರಲ್ಲ, ಅದನ್ನು ಆಯೋಜಕರು ಏನೆಂದು ಕರೆದರು? ಸ್ಲೋಗನ್ ಎಂದಲ್ಲ, ಕೂಟದ ಮಾಟೊ ಎಂದು! ಒಂದು ಕೂಟದ ಮಟ್ಟಿಗೆ ಹುಟ್ಟಿ, ಕೂಟದ ಜೊತೆಗೇ ಮುಗಿದುಹೋದ ಮಾತು ಅದು. ನಿಮ್ಮ ಲೆಕ್ಕದಲ್ಲಿ ಅಪ್ಪಟ ಸ್ಲೋಗನ್. ಒಲಿಂಪಿಕ್ಸ್ ನಡೆಸುವವರಿಗೇ ಗೊತ್ತಾಗದ ವ್ಯತ್ಯಾಸವನ್ನು ನಾವು ಅರ್ಜಿ ತುಂಬುವವರಿಂದ ನಿರೀಕ್ಷಿಸಬೇಕೇ?

ಎರಡು ಸಾಲು

ನಾನು ಜಾಹೀರಾತು ಬರೆಯುವವನು. ಅಲ್ಪವಿರಾಮ ಅವರು ಹೇಳಿದ ಗೊಂದಲದ ಹಿಂದೆ ವ್ಯಾಪಾರದ ಬುದ್ಧಿ ಇದೆ. ಸ್ಲೋಗನ್ ಎಂದರೆ ಮಾರಾಟದ ವಾಸನೆ ಬರುತ್ತದೆ, ಮಾಟೊ ಎಂದರೆ ಕಲ್ಲಿನಲ್ಲಿ ಕೆತ್ತಿದಂತೆ ಕೇಳಿಸುತ್ತದೆ. ಗ್ರಾಹಕರ ಮುಂದೆ ‘ನಿಮ್ಮ ಹೊಸ ಸ್ಲೋಗನ್’ ಎಂದು ಇಟ್ಟರೆ ಹುಬ್ಬು ಗಂಟಿಕ್ಕುತ್ತಾರೆ. ಅದೇ ವಾಕ್ಯವನ್ನು ‘ನಿಮ್ಮ ಮಾಟೊ’ ಎಂದು ಇಟ್ಟರೆ ಚೌಕಟ್ಟು ಹಾಕಿಸಲು ಹೊರಡುತ್ತಾರೆ. ನಾನೇ ಎರಡು ಸಲ ಹೀಗೆ ಮಾಡಿದ್ದೇನೆ, ಮೂರನೆಯ ಸಲವೂ ಮಾಡುತ್ತೇನೆ.

ಆದರೆ ವ್ಯತ್ಯಾಸವೇ ಇಲ್ಲ ಎಂದರೆ ಒಪ್ಪುವುದಿಲ್ಲ. ಎರಡು ಕಂಪ್ಯೂಟರ್ ಕಂಪನಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಥಾಮಸ್ ವಾಟ್ಸನ್ ಎಂಬಾತ 1911ರಲ್ಲಿ ಅಂಗಡಿಯ ನಗದು ವಹಿವಾಟು ದಾಖಲಿಸುವ ಯಂತ್ರಗಳ ಕಂಪನಿಯಲ್ಲಿದ್ದಾಗಲೇ ‘ಥಿಂಕ್’ ಎಂಬ ಒಂದೇ ಪದವನ್ನು ಹಿಡಿದುಕೊಂಡ. ಮುಂದೆ ಐಬಿಎಂ ಆದ ಸಂಸ್ಥೆಗೆ ಬರುವಾಗ ಅದನ್ನೂ ಜೊತೆಗೆ ತಂದ. ಕಚೇರಿಯ ಗೋಡೆಗಳ ಮೇಲೆ ‘ಥಿಂಕ್’, ಮೇಜಿನ ಮೇಲೆ ‘ಥಿಂಕ್’, ನೌಕರರ ಜೇಬಿನ ಪುಟ್ಟ ಟಿಪ್ಪಣಿ ಪುಸ್ತಕದ ಮೇಲೂ ‘ಥಿಂಕ್’. 1992ರಲ್ಲಿ ಬಂದ ಥಿಂಕ್‌ಪ್ಯಾಡ್ ಎಂಬ ಲ್ಯಾಪ್‌ಟಾಪಿನ ಹೆಸರು ಹುಟ್ಟಿದ್ದೂ ಆ ಟಿಪ್ಪಣಿ ಪುಸ್ತಕದಿಂದಲೇ. ಆ ಪದವನ್ನು ಓದಬೇಕಾಗಿದ್ದವರು ಒಳಗಿನವರು. ‘ಹೀಗೆ ನಡೆದುಕೊಳ್ಳಿ’ ಎಂದು ತಮಗೆ ತಾವೇ ಹೇಳಿಕೊಂಡಿದ್ದು.

ಇನ್ನು 1997ಕ್ಕೆ ಬನ್ನಿ. ಮುಳುಗುವ ಹಂತಕ್ಕೆ ಬಂದಿದ್ದ ಆಪಲ್ ‘ಥಿಂಕ್ ಡಿಫರೆಂಟ್’ ಎಂಬ ಪ್ರಚಾರ ಶುರು ಮಾಡಿತು. ಮೊದಲ ಪದ ಅದೇ. ಆದರೆ ಇದರ ಮುಖ ಬೀದಿಯ ಕಡೆಗೆ. ಕೊಳ್ಳುವವನಿಗೆ ‘ಅವರಂತಲ್ಲ, ನೀನು ಬೇರೆ’ ಎಂದು ಕಣ್ಣು ಮಿಟುಕಿಸುತ್ತದೆ. ‘ಡಿಫರೆಂಟ್ಲಿ’ ಆಗಬೇಕಿತ್ತು, ವ್ಯಾಕರಣ ತಪ್ಪು ಎಂದು ಪಂಡಿತರು ಕೂಗಾಡಿದರು. ಕಂಪನಿಗೆ ಬೇಕಾಗಿದ್ದೂ ಅದೇ, ಕೂಗಾಟ. ಕೆಲವು ವರ್ಷ ದುಡಿಸಿಕೊಂಡು ಅದನ್ನು ಕೈಬಿಟ್ಟರು.

ಒಂದೇ ಪದದಿಂದ ಶುರುವಾದರೂ ಒಂದು ಗೋಡೆಯ ಒಳಬದಿಯಲ್ಲಿದೆ, ಇನ್ನೊಂದು ಹೊರಬದಿಯಲ್ಲಿದೆ. ನನ್ನ ಕಸುಬಿನಲ್ಲಿ ನಾನು ಕೇಳಿಕೊಳ್ಳುವುದು ಇದೊಂದೇ ಪ್ರಶ್ನೆ: ಇದನ್ನು ಓದಬೇಕಾದವರು ಬಾಗಿಲಿನ ಯಾವ ಕಡೆ ನಿಂತಿದ್ದಾರೆ?

ಕರಡುಪ್ರತಿ

ಬಾಗಿಲಿನ ಪರೀಕ್ಷೆ ಇಷ್ಟವಾಯಿತು. ಆದರೆ ಮಾಟೊವನ್ನು ಹೊರಗೂ ತೋರಿಸುತ್ತಾರಲ್ಲ? ಲಾಂಛನದ ಕೆಳಗೆ, ಕಾಗದದ ನೆತ್ತಿಯ ಮೇಲೆ, ಕಟ್ಟಡದ ಮುಂಭಾಗದಲ್ಲಿ.

ಎರಡು ಸಾಲು

ತೋರಿಸುತ್ತಾರೆ. ಮನೆಯ ಹೆಸರನ್ನು ಗೇಟಿನ ಮೇಲೆ ಬರೆಸಿದ ಹಾಗೆ ಅದು. ದಾರಿಹೋಕನು ಓದಿದರೆ ಸಂತೋಷ, ಆದರೆ ಅವನು ಏನನ್ನೂ ಮಾಡಬೇಕಾಗಿಲ್ಲ.

ಅಡಿಟಿಪ್ಪಣಿ

ಪದಗಳ ಹುಟ್ಟಿನ ಕಡೆಗೆ ಹೋಗೋಣವೇ? ಇಲ್ಲಿ ನನಗೆ ಬಹಳ ಖುಷಿ ಕೊಡುವ ಸಂಗತಿಯೊಂದಿದೆ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಸ್ಲೋಗನ್ ಎಂಬುದು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ‘ಸ್ಲುವಾ’ ಮತ್ತು ‘ಗೈರ್ಮ್’ ಎಂಬ ಎರಡು ಪದಗಳಿಂದ ಆದದ್ದು. ಮೊದಲನೆಯದಕ್ಕೆ ಪಡೆ, ದಂಡು ಎಂದರ್ಥ. ಎರಡನೆಯದಕ್ಕೆ ಕೂಗು. ದಂಡಿನ ಕೂಗು, ರಣಘೋಷ. ಬೆಟ್ಟಗಾಡಿನ ಕುಲಗಳು ಜನ ಸೇರಿಸಲು, ಗದ್ದಲದಲ್ಲಿ ತಮ್ಮವರನ್ನು ಗುರುತಿಸಲು ಕೂಗುತ್ತಿದ್ದ ಕೂಗು ಅದು. ಜಾಹೀರಾತು ಮತ್ತು ರಾಜಕೀಯಕ್ಕೆ ಅದು ಬಂದದ್ದು ಆಮೇಲೆ.

ಮಾಟೊ ಇಟಾಲಿಯನ್ನಿನಿಂದ ಬಂದದ್ದು. ಅಲ್ಲಿ ಅದಕ್ಕೆ ಮಾತು, ನುಡಿ ಎಂದಷ್ಟೇ ಅರ್ಥ. ಅದರ ಹಿಂದಿರುವ ಲ್ಯಾಟಿನ್ ಮೂಲ ‘ಮುಟ್ಟುಮ್’: ಬಾಯೊಳಗೇ ಗೊಣಗಿಕೊಳ್ಳುವ ಸದ್ದು. ನಾವು ಗುನುಗು, ಗೊಣಗು, ಪಿಸುಗುಟ್ಟು ಎನ್ನುವಂತೆ ಸದ್ದನ್ನೇ ಅನುಕರಿಸಿ ಹುಟ್ಟಿದ ಪದ.

ಒಂದರ ಬೇರಿನಲ್ಲಿ ಕೂಗು, ಇನ್ನೊಂದರ ಬೇರಿನಲ್ಲಿ ಗೊಣಗು. ಈಗ ಕನ್ನಡದಲ್ಲಿ ನಾವು ಬಳಸುವ ಪದಗಳನ್ನು ಒಡೆದು ನೋಡಿ. ‘ಘೋಷ’ ಎಂದರೆ ದೊಡ್ಡ ದನಿ. ‘ಧ್ಯೇಯ’ ಎಂದರೆ ಧ್ಯಾನಿಸಬೇಕಾದದ್ದು. ಧ್ಯಾನ ಎಂಬುದೂ ಅದೇ ಧಾತುವಿನ ಮಗು. ಗೇಲಿಕ್ಕೂ ಲ್ಯಾಟಿನ್ನೂ ಮಾಡಿದ ಹಂಚಿಕೆಯನ್ನೇ ನಮ್ಮ ಪದಗಳೂ ಮಾಡಿವೆ: ಒಂದು ಹೊರಗೆ ಮೊಳಗುವುದು, ಇನ್ನೊಂದು ಒಳಗೆ ನಿಲ್ಲುವುದು. ಕರಡುಪ್ರತಿ ಅವರೇ, ನಿಮ್ಮ ಎರಡು ಖಾನೆಗೂ ಪದಗಳು ಸಿದ್ಧವಾಗಿಯೇ ಇದ್ದವು. ನೀವು ಎರಡೂ ಕಡೆ ಘೋಷವನ್ನೇ ತಂದು ಕೂರಿಸಿದಿರಿ, ಅಷ್ಟೇ.

ಕ್ಯಾಂಪ್ಬೆಲ್ ಎಂಬ ಸ್ಕಾಟಿಷ್ ಕುಲದ ಬಳಿ ಎರಡೂ ಇವೆ. ಅವರ ಮಾಟೊ ಲ್ಯಾಟಿನ್ನಿನಲ್ಲಿದೆ, ‘ಮರೆಯದಿರು’ ಎಂದು ಅದರ ಅರ್ಥ. ಅವರ ರಣಘೋಷ ಏನು ಗೊತ್ತೇ? ‘ಕ್ರುವಾಖನ್!’ ಅದು ಅವರ ನಾಡಿನ ಒಂದು ಬೆಟ್ಟದ ಹೆಸರು. ಉಪದೇಶವಿಲ್ಲ, ತತ್ತ್ವವಿಲ್ಲ, ಕ್ರಿಯಾಪದ ಕೂಡ ಇಲ್ಲ. ಕತ್ತಿ ಹಿಡಿದು ಓಡುವವನಿಗೆ ವಾಕ್ಯ ಪೂರ್ತಿ ಮಾಡಲು ಉಸಿರು ಎಲ್ಲಿದೆ? ಬೆಟ್ಟದ ಹೆಸರು ಕೂಗಿದರೆ ಸಾಕು, ಕೇಳಿದವನಿಗೆ ಯಾವ ಕಡೆ ಸೇರಬೇಕೆಂದು ಗೊತ್ತಾಗುತ್ತದೆ. ಇಂದಿನ ಸ್ಲೋಗನ್ನುಗಳಲ್ಲಿ ಎಷ್ಟೋ ಅರ್ಥವಿಲ್ಲದಿದ್ದರೂ ಕೆಲಸ ಮಾಡುವುದು ಏಕೆಂದು ನನಗೆ ಹೊಳೆದದ್ದು ಈ ಬೆಟ್ಟದಿಂದ.

ಎರಡು ಸಾಲು

ಕೊನೆಯ ವಾಕ್ಯವನ್ನು ನನ್ನ ಗ್ರಾಹಕರು ಓದದಿರಲಿ.

ಅಡಿಟಿಪ್ಪಣಿ

ಬಾಲಂಗೋಚಿಯಾಗಿ ಇನ್ನೊಂದು. ಸ್ಲೋಗನ್ ಪದದ ಹಳೆಯ ರೂಪಗಳಲ್ಲಿ ‘ಸ್ಲಗ್‌ಹಾರ್ನ್’ ಎಂಬುದೂ ಒಂದು. ಹಾರ್ನ್ ಎಂದರೆ ಕೊಂಬು ತಾನೆ? 18ನೇ ಶತಮಾನದಲ್ಲಿ ಹಳೆಗಾಲದ್ದೆಂದು ಹೇಳಿ ತಾನೇ ಕವಿತೆ ಹೊಸೆಯುತ್ತಿದ್ದ ಚಾಟರ್ಟನ್ ಅದನ್ನು ಊದುವ ಕೊಂಬೆಂದು ತಿಳಿದ. ಅವನನ್ನು ನಂಬಿ ಬ್ರೌನಿಂಗ್ 1855ರ ಒಂದು ಕವಿತೆಯ ಕೊನೆಯಲ್ಲಿ ನಾಯಕನ ತುಟಿಗೆ ಅದನ್ನು ಇಟ್ಟೇಬಿಟ್ಟ. ಪಾಪ, ನಾಯಕ ಊದುತ್ತಿದ್ದದ್ದು ಒಂದು ಸ್ಲೋಗನ್ನನ್ನು.

ನುಡಿಗೂಡು

ಸಂಸ್ಕೃತದ ಹಂಗೇಕೆ? ಮಾಟೊ ‘ಗುರಿನುಡಿ’, ಸ್ಲೋಗನ್ ‘ಕೂಗುನುಡಿ’. ಮಗುವಿಗೂ ತಿಳಿಯುತ್ತದೆ. ಮೇಲೆ ಇಷ್ಟೆಲ್ಲ ಬರೆದದ್ದು ಈ ಎರಡು ಪದಗಳಲ್ಲೇ ಅಡಗಿದೆ.

ಕರಡುಪ್ರತಿ

‘ಕೂಗುನುಡಿ’ ನಿಜಕ್ಕೂ ಚೆನ್ನಾಗಿದೆ. ಆದರೆ ನಮೂನೆ ತುಂಬುವವರು ಅದನ್ನು ಮೊದಲ ಸಲ ನೋಡುತ್ತಾರೆ. ಖಾನೆಯ ಮುಂದೆ ಪೆನ್ನು ಹಿಡಿದು ಕುಳಿತವರಿಗೆ ಹೊಸ ಪದ ಕಲಿಸುವ ಧೈರ್ಯ ನನಗಿಲ್ಲ. ತಿದ್ದುವವರ ಕೆಂಪು ಪೆನ್ನನ್ನು ನೀವು ನೋಡಿಲ್ಲ.

ನುಡಿಗೂಡು

ಹೊಸ ಪದ ಬಳಸದಿದ್ದರೆ ಅದು ಹಳೆಯದಾಗುವುದು ಯಾವಾಗ? ಇರಲಿ, ನಿಮ್ಮ ಅರ್ಜಿ, ನಿಮ್ಮ ಇಷ್ಟ.

ಅಲ್ಪವಿರಾಮ

ನಾನು ಸೋಲೊಪ್ಪುವ ಹಂತದಲ್ಲಿದ್ದೇನೆ. ಆದರೆ ಒಂದು ಎಳೆ ಇನ್ನೂ ಬಿಟ್ಟಿಲ್ಲ. ಫ್ರಾನ್ಸಿನ ‘ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ’ ಯಾವ ಖಾನೆಗೆ ಸೇರುತ್ತದೆ? ಕ್ರಾಂತಿಯ ಕಾಲದಲ್ಲಿ ಜನ ಕೂಗಿದ್ದೂ ಅದನ್ನೇ, ಈಗ ಸರ್ಕಾರಿ ಕಟ್ಟಡಗಳ ಮೇಲೆ ಕೆತ್ತಿರುವುದೂ ಅದನ್ನೇ. ಮೇಷ್ಟ್ರ ಎರಡೂ ಕ್ರಿಯಾಪದ ಒಟ್ಟಿಗೆ ಹತ್ತುತ್ತವೆ.

ಹಳೇ ಮೇಷ್ಟ್ರು

ಒಳ್ಳೆಯ ಎಳೆ ಹಿಡಿದಿರಿ. ಉತ್ತರ ‘ಯಾವಾಗ’ ಎಂಬುದರಲ್ಲಿದೆ. 1790ರಲ್ಲಿ ಕ್ರಾಂತಿಯ ನಾಯಕ ರೋಬ್ಸ್‌ಪಿಯೆರ್ ಆ ಮೂರು ಪದಗಳನ್ನು ರಾಷ್ಟ್ರೀಯ ದಳದವರ ಉಡುಪಿನ ಮೇಲೆ, ಬಾವುಟದ ಮೇಲೆ ಬರೆಸಬೇಕೆಂದು ಹೇಳಿದಾಗ ಅದಿನ್ನೂ ಪೈಪೋಟಿಯಲ್ಲಿದ್ದ ಹಲವು ಘೋಷಣೆಗಳಲ್ಲಿ ಒಂದು. 1958ರ ಸಂವಿಧಾನದ 2ನೇ ವಿಧಿಯಲ್ಲಿ ಅದು ಗಣರಾಜ್ಯದ ‘ದಿವೀಸ್’, ಅಂದರೆ ಮಾಟೊ. ನಡುವೆ 1940ರಲ್ಲಿ ನಾಜಿ ಜರ್ಮನಿಗೆ ಮಣಿದಿದ್ದ ವಿಶಿ ಸರ್ಕಾರ ಅದನ್ನು ಕಿತ್ತುಹಾಕಿ ‘ದುಡಿಮೆ, ಕುಟುಂಬ, ಪಿತೃಭೂಮಿ’ ಎಂದು ಬರೆಸಿತು. ನಾಲ್ಕೇ ವರ್ಷದಲ್ಲಿ ಆ ಸರ್ಕಾರವೂ ಹೋಯಿತು, ಆ ಬರಹವೂ ಹೋಯಿತು. ಬೀದಿಯಲ್ಲಿ ಹುಟ್ಟಿದ ಮಾತು ಕಲ್ಲಿಗೇರುವುದುಂಟು. ಮೊದಲೇ ಕಲ್ಲಿಗೇರಿಸಿದ್ದು ಬೀದಿಗೆ ಇಳಿಯುವುದು ಅಪರೂಪ.

ಎರಡು ಸಾಲು

ಪತ್ರಿಕೆಯೊಂದರಲ್ಲಿ ಇದೇ ನಡೆದಿದೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ‘ಆಲ್ ದಿ ನ್ಯೂಸ್ ದಟ್ಸ್ ಫಿಟ್ ಟು ಪ್ರಿಂಟ್’ (ಅಚ್ಚಿಗೆ ಯೋಗ್ಯವಾದ ಸುದ್ದಿಯೆಲ್ಲ) ಮೊದಲು ಕಾಣಿಸಿಕೊಂಡದ್ದು 1896ರಲ್ಲಿ, ಬೀದಿಯ ಮೇಲೆ ದೀಪಗಳಲ್ಲಿ ಹೊಳೆಯುವ ಜಾಹೀರಾತು ಫಲಕವಾಗಿ. ಅಪ್ಪಟ ಸ್ಲೋಗನ್. ಆಗ ಪ್ರತಿಸ್ಪರ್ಧಿ ಪತ್ರಿಕೆಗಳು ರೋಚಕ ಸುದ್ದಿಯ ಹಿಂದೆ ಬಿದ್ದಿದ್ದವು. ‘ನಾವು ಹಾಗಲ್ಲ’ ಎಂದು ಓದುಗರನ್ನು ಕರೆಯುವ ಕೂಗು ಅದು. ಇದಕ್ಕಿಂತ ಒಳ್ಳೆಯದನ್ನು ಕೊಟ್ಟವರಿಗೆ ಬಹುಮಾನ ಎಂದು ಸ್ಪರ್ಧೆಯನ್ನೂ ನಡೆಸಿದರು, ಕೊನೆಗೆ ಹಳೆಯದನ್ನೇ ಉಳಿಸಿಕೊಂಡರು. 1897ರ ಫೆಬ್ರುವರಿ 10ರಂದು ಮುಖಪುಟದ ಎಡಮೂಲೆಗೆ ಬಂತು. ಈಗಲೂ ಅಲ್ಲೇ ಇದೆ. ಈಗ ಅದನ್ನು ಓದಿ ಯಾರೂ ಪತ್ರಿಕೆ ಕೊಳ್ಳುವುದಿಲ್ಲ. ಆದರೆ ಪತ್ರಿಕೆ ಎಡವಿದಾಗಲೆಲ್ಲ ಟೀಕಾಕಾರರು ಮೊದಲು ಎತ್ತಿ ತೋರಿಸುವುದು ಆ ಮೂಲೆಯನ್ನೇ. ಮಾತು ಕೊಟ್ಟವರನ್ನೇ ಕಟ್ಟಿಹಾಕುವ ಹಂತಕ್ಕೆ ಬಂದಾಗ ಅದನ್ನು ಮಾಟೊ ಎನ್ನಬಹುದು.

ಅಲ್ಪವಿರಾಮ

ಅಂದರೆ ‘ನೀವೇ ಹೇಳಿದಂತೆ ನಡೆಯಲಿಲ್ಲವಲ್ಲ’ ಎಂದು ಹಂಗಿಸಲು ಬಂದರೆ ಮಾಟೊ, ‘ಬರೀ ಘೋಷಣೆ’ ಎಂದು ತಳ್ಳಿಹಾಕಲು ಬಂದರೆ ಸ್ಲೋಗನ್. ಇದು ಮಾತ್ರ ನನ್ನ ತಲೆಯಲ್ಲಿ ಉಳಿಯುತ್ತದೆ. ಜಗಳಕ್ಕೆ ಉಪಯೋಗವಾಗುವ ವ್ಯಾಕರಣ ನನಗಿಷ್ಟ.

ಕರಡುಪ್ರತಿ

ಇನ್ನೊಂದು ತೊಡಕು ಉಳಿದಿದೆ. ಪತ್ರಿಕೆಗಳಲ್ಲಿ ‘ಈ ವರ್ಷದ ಪರಿಸರ ದಿನದ ಘೋಷವಾಕ್ಯ’ ಎಂದೂ ಬರೆಯುತ್ತಾರೆ. ಮೂಲದಲ್ಲಿ ಹೆಚ್ಚಾಗಿ ಅದು ಥೀಮ್. ಘೋಷವಾಕ್ಯ ಎಂಬ ಒಂದೇ ಚೀಲದಲ್ಲಿ ಮೂರು ವಸ್ತುಗಳನ್ನು ತುಂಬಿದ್ದೇವೆ. ಹಾಗೆಂದು ಬರಿಯ ‘ಘೋಷಣೆ’ ಎಂದರೆ ‘ತುರ್ತು ಪರಿಸ್ಥಿತಿ ಘೋಷಣೆ’, ‘ಫಲಿತಾಂಶ ಘೋಷಣೆ’ಗಳ ನೆನಪಾಗುತ್ತದೆ. ಖಾನೆಯಲ್ಲಿ ‘ಘೋಷಣೆ’ ಎಂದು ಒಂಟಿ ಪದ ಇಟ್ಟರೆ, ‘ಮೇಲಿನ ವಿವರಗಳೆಲ್ಲ ಸತ್ಯವೆಂದು ಈ ಮೂಲಕ ಘೋಷಿಸುತ್ತೇನೆ’ ಎಂದು ಬರೆದು ಸಹಿ ಹಾಕುವವರು ಖಂಡಿತ ಇರುತ್ತಾರೆ.

ಹಳೇ ಮೇಷ್ಟ್ರು

ಇರುತ್ತಾರೆ. ನಾನೇ ಹಾಕುತ್ತೇನೆ.

ಘೋಷವಾಕ್ಯವನ್ನು ಈ ನಮೂನೆಯಲ್ಲಿ ಬಳಸಲೇಬೇಡಿ. ತಪ್ಪು ಪದ ಎಂದಲ್ಲ, ಹೆಚ್ಚು ಕೆಲಸ ಮಾಡಿ ಸವೆದಿದೆ. ಮೇಲಿನ ಖಾನೆಗೆ ‘ಧ್ಯೇಯವಾಕ್ಯ’. ಕೆಳಗಿನದಕ್ಕೆ ‘ಘೋಷಣೆ’ಯ ಹಿಂದೆ ಒಂದು ಪದ ಸೇರಿಸಿ ದಾರಿ ತೋರಿಸಿ. ‘ಪ್ರಚಾರ ಘೋಷಣೆ’ ಎಂದರೆ ಯಾರೂ ಸಹಿ ಹಾಕುವುದಿಲ್ಲ.

ಎರಡು ಸಾಲು

ಅನುಮೋದಿಸುತ್ತೇನೆ. ಪದದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೂಚನೆ ಹಾಕಲು ಜಾಗವಿದ್ದರೆ ಹಾಕಿ. ಜನ ಖಾನೆಯ ಹೆಸರನ್ನು ಓದುವುದಕ್ಕಿಂತ ಸೂಚನೆಯನ್ನು ಹೆಚ್ಚು ಓದುತ್ತಾರೆ.

ಕರಡುಪ್ರತಿ (ಎರಡು ದಿನಗಳ ನಂತರ)

ಎಲ್ಲರಿಗೂ ಧನ್ಯವಾದ. ಹೀಗೆ ಬರೆದು ಕಳುಹಿಸಿದೆ:

ಧ್ಯೇಯವಾಕ್ಯ: ನಿಮ್ಮ ಸಂಸ್ಥೆ ಸದಾ ಪಾಲಿಸಲು ಬಯಸುವ ಮಾತು. ಯಾವ ಭಾಷೆಯಲ್ಲಾದರೂ ಇರಬಹುದು.

ಪ್ರಚಾರ ಘೋಷಣೆ: ಸಾರ್ವಜನಿಕರನ್ನು ಸೆಳೆಯಲು ಈಗ ಬಳಸುತ್ತಿರುವ ಮಾತು. ಇಲ್ಲದಿದ್ದರೆ ಖಾಲಿ ಬಿಡಿ.

ಕೆಂಪು ಗೆರೆಯಿಲ್ಲದೆ ಹಿಂತಿರುಗಿತು. ಆದರೆ ತಿದ್ದುವವರು ಅಂಚಿನಲ್ಲಿ ಪೆನ್ಸಿಲಿನಿಂದ ಕೇಳಿದ್ದಾರೆ: ‘ಮೂರನೇ ಪುಟದಲ್ಲಿ ಟ್ಯಾಗ್‌ಲೈನ್ ಎಂಬ ಖಾನೆಯೂ ಇದೆ, ಗಮನಿಸಿದಿರಾ?’

ಅಲ್ಪವಿರಾಮ

ಮೂರನೇ ಪುಟವನ್ನೂ ನಾಲ್ಕನೆಯದರ ಜೊತೆಗೆ ಸೇರಿಸಿಬಿಡಿ.

ಎರಡು ಸಾಲು

ಟ್ಯಾಗ್‌ಲೈನಿಗೆ ‘ಅಡಿಬರಹ’ ಎಂದು ಹಾಕಿ. ಸಿನಿಮಾ ಹೆಸರಿನ ಕೆಳಗೆ ಇರುವ ಸಾಲಿಗೆ ಪತ್ರಿಕೆಗಳು ಹಾಗೆಯೇ ಬರೆಯುತ್ತವೆ, ಎಲ್ಲರಿಗೂ ಗೊತ್ತು. ಹೆಸರಿಗೆ ಅಂಟಿಕೊಂಡೇ ಇರುವುದು ಅಡಿಬರಹ, ಹೆಸರಿಲ್ಲದೆಯೂ ಓಡಾಡುವುದು ಘೋಷಣೆ. ಉಳಿದ ಜಗಳ ಅಲ್ಲಿ ಬೇಕಾದರೆ ಮಾಡೋಣ.